ಮುಂದಿನ ಮನೆಯಲ್ಲಿ ಏನೇನಿರಬೇಕು? ನೀರಿನಿಂದ ಶುರು ಮಾಡಿ

ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡೋಕೆ ಹೋದವರು ಈಜುಕೊಳ ಇದೆಯಾ, ಜಿಮ್ ಇದೆಯಾ ಅಂತ ಕೇಳುತ್ತಿದ್ದರು. ಈಗ ಸೇಲ್ಸ್‌ನವರು ಕಾಫಿ ಕೊಡುವ ಮುಂಚೆಯೇ "ಕಾವೇರಿ ನೀರಾ, ಟ್ಯಾಂಕರ್ರಾ?" ಅಂತ ಕೇಳುತ್ತಾರೆ. 2024ರ ಮಾರ್ಚ್ ತಿಂಗಳು ಜನರಿಗೆ ಈ ಪಾಠ ಕಲಿಸಿತು. ಸರ್ಕಾರದ 13,900 ಕೊಳವೆಬಾವಿಗಳಲ್ಲಿ 6,900 ಕೆಲಸ ಮಾಡುತ್ತಿಲ್ಲ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಗ ಹೇಳಿದ್ದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಕೋಟಿ ಕೊಟ್ಟು ಮನೆ ತಗೊಂಡವರೂ ಬಕೆಟ್ ಹಿಡಿದು ಕಾಯಬೇಕಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಡಿಸೆಂಬರ್‌ನಲ್ಲಿ ಓಸಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹೀಗೆ ಮನೆ ಹುಡುಕುವವರ ಕಿವಿಗೆ ಒಂದೇ ವರ್ಷದಲ್ಲಿ ಹತ್ತಾರು ಹೊಸ ಪದಗಳು ಬಿದ್ದವು. ಎಸ್‌ಟಿಪಿ, ಕಾರ್ಪೆಟ್ ಏರಿಯಾ, ಬಿ ಖಾತಾ, ಓಸಿ, ಮಂಜೂರಾದ ಲೋಡ್... ಇವೆಲ್ಲ ಏನು, ಮನೆಗೆ ಯಾಕೆ ಬೇಕು ಅಂತ ಒಂದೊಂದಾಗಿ ನೋಡೋಣ. ಇವುಗಳಲ್ಲಿ ಜಾಸ್ತಿ ಪಾಲು ಬ್ರೋಶರ್‌ನ ಬಣ್ಣದ ಚಿತ್ರದಲ್ಲಿ ಕಾಣುವಂಥವಲ್ಲ. ಕೇಳಿಯೇ ತಿಳಿಯಬೇಕು.

## ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಮನೆಗೆ ನೀರು ಬರುವ ದಾರಿ ಮೂರು. ಕಾವೇರಿ, ಬೋರ್‌ವೆಲ್, ಟ್ಯಾಂಕರ್.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ. ನಗರದಿಂದ ಸುಮಾರು 100 ಕಿಲೋಮೀಟರ್ ದೂರ. ಬೆಂಗಳೂರು ಎತ್ತರದಲ್ಲಿದೆ, ನದಿ ತಗ್ಗಿನಲ್ಲಿದೆ. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತದಲ್ಲಿ ಪಂಪ್ ಮಾಡಿ ನೀರನ್ನು ಮೇಲೆತ್ತಬೇಕು. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಇದರಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಸಿಗುವಂತಾಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿಯೇ ಮಾಡಿದ ಯೋಜನೆ ಇದು. ಈಗ ಅಪಾರ್ಟ್‌ಮೆಂಟುಗಳು ಜಾಸ್ತಿ ಎದ್ದಿರುವುದೂ ಆ ಊರುಗಳಲ್ಲೇ.

ಇಲ್ಲಿ ಒಂದು ಸೂಕ್ಷ್ಮ ಇದೆ. "ಕಾವೇರಿ ಕನೆಕ್ಷನ್ ಇದೆ" ಅನ್ನುವುದು ಬೇರೆ, "ಸಾಕಾಗುವಷ್ಟು ಕಾವೇರಿ ನೀರು ಬರುತ್ತದೆ" ಅನ್ನುವುದು ಬೇರೆ. ಪೈಪ್ ಹಾಕಿಸಿ ಮೀಟರ್ ಕೂರಿಸಿದ ಮೇಲೂ ವಾರಕ್ಕೆ ಎರಡೇ ದಿನ, ಅದೂ ಎರಡು ಗಂಟೆ ನೀರು ಬಂದರೆ ಉಳಿದದ್ದನ್ನು ಬೋರ್‌ವೆಲ್ಲೋ ಟ್ಯಾಂಕರ್ರೋ ತುಂಬಬೇಕು. ಹಾಗಾಗಿ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಎಷ್ಟು ಲೀಟರ್ ಅಂತ ಕೇಳಬೇಕು. ಜಲಮಂಡಳಿಯ ಬಿಲ್ ತೋರಿಸಿ ಅಂದರೆ ಇನ್ನೂ ಒಳ್ಳೆಯದು. ತಿಂಗಳಿಗೆ ಎಷ್ಟು ಲೀಟರ್ ಬಂತು ಅಂತ ಅದರಲ್ಲೇ ಇರುತ್ತದೆ.

ಒಂದು ಮನೆಗೆ ಎಷ್ಟು ನೀರು ಬೇಕು? ನಗರಗಳಿಗೆ ನಮ್ಮ ದೇಶದಲ್ಲಿ ಹಿಡಿಯುವ ಲೆಕ್ಕ ಒಬ್ಬರಿಗೆ ದಿನಕ್ಕೆ 135 ಲೀಟರ್. ನಾಲ್ಕು ಜನರ ಮನೆಗೆ 540 ಲೀಟರ್. 100 ಮನೆಗಳ ಅಪಾರ್ಟ್‌ಮೆಂಟಿಗೆ ದಿನಕ್ಕೆ 54,000 ಲೀಟರ್. ಒಂದು ದೊಡ್ಡ ಟ್ಯಾಂಕರ್ ಹಿಡಿಯುವುದು 12,000 ಲೀಟರ್. ಅಂದರೆ ಬರೀ ಟ್ಯಾಂಕರ್ ನಂಬಿದರೆ ದಿನಕ್ಕೆ ನಾಲ್ಕೈದು ಲಾರಿ. 2024ರ ಬಿಕ್ಕಟ್ಟಿನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರ 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 1,35,000 ರೂಪಾಯಿ ಆಗುತ್ತದೆ. ಅದಕ್ಕಿಂತ ಮುಂಚೆ ಅದರ ದುಪ್ಪಟ್ಟು ಕೇಳುತ್ತಿದ್ದವರೂ ಇದ್ದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರ ಮೇಜಿನ ಮೇಲೆ ಸಾಮಾನ್ಯವಾಗಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತದೆ. ದಿನಾಂಕ, ಲಾರಿ ನಂಬರ್, ಒಳಗೆ ಬಂದ ಸಮಯ, ಲೀಟರ್, ಸಹಿ. ಮನೆ ತೋರಿಸೋಕೆ ಬಂದ ಏಜೆಂಟ್ "ನೀರಿಗೆ ಪ್ರಾಬ್ಲಮ್ಮೇ ಇಲ್ಲ ಸಾರ್" ಅನ್ನುತ್ತಿರುವಾಗ ಆ ಪುಸ್ತಕದ ಏಪ್ರಿಲ್ ತಿಂಗಳ ಹಾಳೆ ತಿರುವಿ ನೋಡಿ. ಒಂದು ಹಾಳೆಯಲ್ಲಿ ಎಷ್ಟು ಸಾಲು ತುಂಬಿದೆ ಅಂತ ಎಣಿಸಿದರೆ ಸಾಕು.

ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಇದೆಲ್ಲ ಹೊಸದಲ್ಲ. ಅಲ್ಲಿ ಕೆಲವು ಬಡಾವಣೆಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬರೋಕೆ ಶುರುವಾಯಿತು. ಉಳಿದ ಕಡೆ ವಾರಕ್ಕೊಮ್ಮೆ ಬಂದರೆ ಪುಣ್ಯ ಅನ್ನುವ ಕಾಲ ಬಹಳ ದಿನ ನಡೆಯಿತು. ಅದಕ್ಕೇ ಆ ಕಡೆ ಮನೆ ಕಟ್ಟಿಸುವವರು ದೊಡ್ಡ ಸಂಪ್ ಇಲ್ಲದ ಮನೆಯನ್ನು ಮನೆ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಬುದ್ಧಿ ಬೆಂಗಳೂರಿನವರಿಗೂ ಬೇಕು. ಹೊರಗಿನಿಂದ ಒಂದು ಹನಿ ಬರದಿದ್ದರೂ ಸಂಪ್ ಮತ್ತು ಮೇಲಿನ ಟ್ಯಾಂಕ್ ಸೇರಿ ಎಷ್ಟು ದಿನ ತಡೆಯುತ್ತವೆ ಅಂತ ಕೇಳಿ.

### ಗಡಸು ನೀರು, ಟಿಡಿಎಸ್

ನೀರು ಇದ್ದರೆ ಸಾಲದು, ಹೇಗಿದೆ ಅನ್ನುವುದೂ ಮುಖ್ಯ. ಬೋರ್‌ವೆಲ್ ನೀರು ಬಂಡೆಗಳ ಸಂದಿಯಲ್ಲಿ ಇಳಿದು ನಿಂತದ್ದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಇದು ಗಡಸು ನೀರು. ಸೋಪು ನೊರೆ ಬರುವುದಿಲ್ಲ. ಗೀಸರ್ ಕಾಯಿಲ್ ಬೇಗ ಹೋಗುತ್ತದೆ. ಸ್ಟೀಲ್ ನಲ್ಲಿಗಳ ಮೇಲೆ ಬಿಳಿ ಪುಡಿ ಕೂರುತ್ತದೆ.

ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 500 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 2,000ದವರೆಗೂ ನಡೆಯುತ್ತದೆ. ಗಡಸುತನಕ್ಕೆ ಬೇರೆ ಮಿತಿ ಇದೆ. 200 ಒಳ್ಳೆಯದು, 600 ಕೊನೆ. ಪೆನ್ನಿನ ಥರದ ಅಗ್ಗದ ಟಿಡಿಎಸ್ ಮೀಟರ್ ತೋರಿಸುವುದು ಮೊದಲನೆಯದನ್ನು ಮಾತ್ರ, ಗಡಸುತನವನ್ನಲ್ಲ. ಅದಕ್ಕೆ ಲ್ಯಾಬ್ ವರದಿ ಬೇಕು.

ವರದಿ ಸಿಗದಿದ್ದರೆ ಬಾತ್‌ರೂಮಿಗೆ ಹೋಗಿ ಶವರ್ ತಲೆಯನ್ನು ಹತ್ತಿರದಿಂದ ನೋಡಿ. ಜನ ವಾಸ ಇರುವ ಮನೆಯಲ್ಲಿ ಅದರ ಅರ್ಧ ತೂತು ಬಿಳಿ ಕಟ್ಟಿಕೊಂಡು ಮುಚ್ಚಿದ್ದರೆ, ನೀರು ಒಂದು ಕಡೆಗೆ ಓರೆಯಾಗಿ ಚಿಮ್ಮುತ್ತಿದ್ದರೆ, ಬೇರೆ ಪರೀಕ್ಷೆ ಬೇಡ. ಇಡೀ ಅಪಾರ್ಟ್‌ಮೆಂಟಿಗೆ ಸಾಫ್ಟ್‌ನರ್ ಇದೆಯಾ ಅಂತ ಕೇಳಿ. ಉಪ್ಪು ಬಳಸಿ ಗಡಸುತನ ತೆಗೆಯುವ ಯಂತ್ರ ಅದು. ಅಡುಗೆಮನೆಯ ಆರ್‌ಓ ಕುಡಿಯುವ ನೀರಿಗಷ್ಟೇ. ಸ್ನಾನದ ನೀರಿಗೂ ಬಟ್ಟೆ ಒಗೆಯುವುದಕ್ಕೂ ಅದು ಉಪಯೋಗಕ್ಕೆ ಬರುವುದಿಲ್ಲ.

### ಎಸ್‌ಟಿಪಿ ಮತ್ತು ಎರಡು ಪೈಪು

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನೆಲಮಾಳಿಗೆಯಲ್ಲೋ ಹಿಂಭಾಗದಲ್ಲೋ ಇರುತ್ತದೆ. ಬಚ್ಚಲು, ಅಡುಗೆಮನೆ, ಶೌಚದ ನೀರೆಲ್ಲ ಅಲ್ಲಿಗೆ ಹೋಗಿ, ಬ್ಯಾಕ್ಟೀರಿಯಾಗಳು ಕೊಳೆ ತಿಂದು, ಸೋಸಿ, ಮತ್ತೆ ಬಳಸುವಂತಾಗುತ್ತದೆ. ಕುಡಿಯೋಕಲ್ಲ. ಫ್ಲಶ್‌ಗೆ, ಗಿಡಕ್ಕೆ.

ಅದನ್ನು ಫ್ಲಶ್‌ಗೆ ಬಳಸಬೇಕಾದರೆ ಮನೆಯೊಳಗೆ ಎರಡು ಬೇರೆ ಬೇರೆ ಪೈಪ್ ಸಾಲು ಇರಬೇಕು. ಇದನ್ನೇ ಡ್ಯುಯಲ್ ಪೈಪಿಂಗ್ ಅನ್ನುತ್ತಾರೆ. ಆ 135 ಲೀಟರ್‌ನಲ್ಲಿ 45 ಲೀಟರ್ ಬರೀ ಫ್ಲಶ್‌ಗೆ ಹೋಗುತ್ತದೆ ಎಂದು ಮಾನಕಗಳೇ ಲೆಕ್ಕ ಹಾಕಿವೆ. ಅಂದರೆ ಎರಡು ಪೈಪ್ ಇದ್ದರೆ ಹೊಸ ನೀರಿನ ಅಗತ್ಯ ಮೂರರಲ್ಲಿ ಒಂದು ಪಾಲು ಕಡಿಮೆ. ಕಟ್ಟಡ ಮುಗಿದ ಮೇಲೆ ಗೋಡೆ ಒಡೆದು ಇದನ್ನು ಹಾಕಿಸುವುದು ಕಷ್ಟ. ಹಾಗಾಗಿ ಮುಂಚೆಯೇ ನೋಡಿಕೊಳ್ಳಬೇಕು. ಘಟಕ ಸರಿಯಾಗಿ ನಡೀತಿದೆಯಾ ಅಂತ ತಿಳಿಯೋಕೆ ಒಂದು ಸಲ ಫ್ಲಶ್ ಮಾಡಿ. ನೀರಿಗೆ ಬಣ್ಣ, ವಾಸನೆ ಇದ್ದರೆ ಎಸ್‌ಟಿಪಿ ಹೆಸರಿಗೆ ಮಾತ್ರ ಅಂತ ಅರ್ಥ.

### ಮಳೆ ನೀರು ಎಷ್ಟು ಸಹಾಯಕ್ಕೆ ಬರುತ್ತದೆ?

ಬೆಂಗಳೂರಿನಲ್ಲಿ 2009ರಿಂದ ಮಳೆ ನೀರು ಕೊಯ್ಲು ಕಡ್ಡಾಯ. 30-40 ಅಳತೆಯ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೂ, 40-60ರಲ್ಲಿ ಆಗಲೇ ಮನೆ ಇದ್ದವರಿಗೂ ನಿಯಮ ಬಂತು. 1,000 ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ವರ್ಷಕ್ಕೆ 900 ಮಿಲಿಮೀಟರ್ ಅಂತ ಹಿಡಿದು, ಪೋಲಾಗುವುದನ್ನು ಬಿಟ್ಟರೂ 65,000 ಲೀಟರ್ ಆಸುಪಾಸು ಸಿಗುತ್ತದೆ. ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೆ ಆಗುವಷ್ಟು. ಸ್ವಂತ ಮನೆಯವರಿಗೆ ಇದು ದೊಡ್ಡ ಆಸರೆ.

ಅಪಾರ್ಟ್‌ಮೆಂಟಿನ ಕತೆ ಬೇರೆ. ಹತ್ತು ಅಂತಸ್ತಿದ್ದರೂ ತಾರಸಿ ಒಂದೇ. ಅದೇ ನೀರು ಹತ್ತು ಪಾಲಾಗುತ್ತದೆ. ಅಲ್ಲಿ ಮಳೆ ನೀರಿನ ಕೆಲಸ ಇಂಗು ಗುಂಡಿಗಳ ಮೂಲಕ ಭೂಮಿಗೆ ಇಳಿದು ಬೋರ್‌ವೆಲ್ ಬತ್ತದಂತೆ ನೋಡಿಕೊಳ್ಳುವುದು. ಹಾಗಾಗಿ "ರೇನ್ ವಾಟರ್ ಹಾರ್ವೆಸ್ಟಿಂಗ್ ಇದೆ" ಅಂತ ಬ್ರೋಶರ್‌ನಲ್ಲಿ ಬರೆದದ್ದನ್ನು ನೋಡಿ ನೀರಿನ ಚಿಂತೆ ತೀರಿತು ಅಂದುಕೊಳ್ಳಬೇಡಿ.

## ಚದರ ಅಡಿ ಅಂದರೆ ಯಾವ ಚದರ ಅಡಿ?

ಫ್ಲ್ಯಾಟ್ ಕೊಳ್ಳುವುದು ತೂಕಕ್ಕೆ ಹಲಸಿನಹಣ್ಣು ಕೊಂಡ ಹಾಗೆ. ದುಡ್ಡು ಕೊಡುವುದು ಸಿಪ್ಪೆ, ಗೂಂಜು, ಬೀಜ ಎಲ್ಲ ಸೇರಿದ ತೂಕಕ್ಕೆ. ಬಾಯಿಗೆ ಹೋಗುವುದು ತೊಳೆ ಮಾತ್ರ.

ಆ ತೊಳೆಯೇ ಕಾರ್ಪೆಟ್ ಏರಿಯಾ. ಮನೆಯೊಳಗೆ ನೀವು ನಿಜವಾಗಿ ಓಡಾಡುವ ಜಾಗ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಇದಕ್ಕೆ ಸ್ಪಷ್ಟ ಅರ್ಥ ಕೊಟ್ಟಿದೆ. ಒಳಗಿನ ಅಡ್ಡಗೋಡೆಗಳ ಜಾಗ ಸೇರುತ್ತದೆ. ಹೊರಗೋಡೆ, ಪೈಪು ಹೋಗುವ ಡಕ್ಟು, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಬಿಲ್ಟ್-ಅಪ್ ಅಂದರೆ ಇದಕ್ಕೆ ಹೊರಗೋಡೆ, ಬಾಲ್ಕನಿ ಕೂಡಿಸಿದ್ದು. ಸೂಪರ್ ಬಿಲ್ಟ್-ಅಪ್ ಅಂದರೆ ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್ ಹೀಗೆ ಎಲ್ಲರಿಗೂ ಸೇರಿದ ಜಾಗದಲ್ಲಿ ನಿಮ್ಮ ಪಾಲನ್ನೂ ಕೂಡಿಸಿದ್ದು.

ಒಂದು ಫ್ಲ್ಯಾಟಿನ ಸೂಪರ್ ಬಿಲ್ಟ್-ಅಪ್ 1,500 ಚದರ ಅಡಿ, ಕಾರ್ಪೆಟ್ 1,050 ಅಂದುಕೊಳ್ಳಿ. ದರ ಚದರ ಅಡಿಗೆ 8,000 ಅಂತ ಹೇಳುತ್ತಾರೆ. ಒಟ್ಟು 1 ಕೋಟಿ 20 ಲಕ್ಷ. ಆದರೆ ನೀವು ಕಾಲಿಡುವ ಜಾಗಕ್ಕೆ ಲೆಕ್ಕ ಹಾಕಿದರೆ ಚದರ ಅಡಿಗೆ 11,400 ಮೇಲೆ. ಪಕ್ಕದ ರಸ್ತೆಯ ಇನ್ನೊಂದು ಪ್ರಾಜೆಕ್ಟು 8,500 ಅಂತ ಹೇಳಿ, ಅದೇ 1,500ರಲ್ಲಿ 1,150 ಕಾರ್ಪೆಟ್ ಕೊಟ್ಟರೆ ಅದರ ನಿಜವಾದ ದರ 11,100ರ ಹತ್ತಿರ. ದುಬಾರಿ ಅಂತ ಕಂಡದ್ದೇ ಅಗ್ಗ! ಎರಡು ಮನೆ ಹೋಲಿಸುವಾಗ ಒಟ್ಟು ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ. ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನ ಒಪ್ಪಂದದಲ್ಲಿ ಆ ಅಂಕಿ ಇರಲೇಬೇಕು.

ಅಂಕಿ ಗೊತ್ತಾದ ಮೇಲೆ ಕೋಣೆಗೆ ಬನ್ನಿ. 10-10ರ ಬೆಡ್‌ರೂಮ್ ಅಂತ ಇಟ್ಟುಕೊಳ್ಳಿ. ಒಂದು ಗೋಡೆಗೆ ಬೀರು. ಅದರ ಆಳ 2 ಅಡಿ. 5 ಅಡಿ ಅಗಲದ ಮಂಚ ಹಾಕಿದರೆ ಆ ದಿಕ್ಕಿನಲ್ಲಿ ಉಳಿಯುವುದು 3 ಅಡಿ. ಮಂಚವನ್ನು ನಡುವೆ ಇಟ್ಟರೆ ಎರಡೂ ಬದಿಗೆ ಒಂದೂವರೆ ಅಡಿ. ಬೀರುವಿನ ಬಾಗಿಲು ತೆಗೆಯೋಕೇ ಅಷ್ಟು ಬೇಕು. ನಿಲ್ಲೋಕೆ ಜಾಗವಿಲ್ಲ. ಅದಕ್ಕೇ ಇಂಥ ಕೋಣೆಗಳಲ್ಲಿ ಮಂಚವನ್ನು ಗೋಡೆಗೆ ಒತ್ತರಿಸುತ್ತಾರೆ. ಗೋಡೆ ಕಡೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ನೀಟಾಗಿ ಜೋಡಿಸಿಟ್ಟ ಮಾಡೆಲ್ ಫ್ಲ್ಯಾಟಿನಲ್ಲಿ ಇದು ಗೊತ್ತಾಗುವುದಿಲ್ಲ. ಅಲ್ಲಿನ ಮಂಚವನ್ನೂ ಅಳೆದು ನೋಡಿ. ನಿಮ್ಮ ಮನೆಯಲ್ಲಿರುವುದಕ್ಕಿಂತ ಚಿಕ್ಕದಿದ್ದರೆ ಆಶ್ಚರ್ಯವಿಲ್ಲ. ಟೇಪು ಜೇಬಲ್ಲಿ ಇಟ್ಟುಕೊಂಡು ಹೋಗುವುದಕ್ಕೆ ನಾಚಿಕೆ ಬೇಡ.

## ಗಾಳಿ, ಬೆಳಕು, ಬಿಸಿಲು

ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗೋಕೂ ದಾರಿ ಇರಬೇಕು. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇದ್ದರೂ ಎದುರಿಗೋ ಪಕ್ಕದ ಗೋಡೆಗೋ ಇನ್ನೊಂದು ಇಲ್ಲದಿದ್ದರೆ ಗಾಳಿ ಆಡುವುದಿಲ್ಲ. ಉದ್ದನೆಯ ಕಾರಿಡಾರಿನ ಎರಡೂ ಬದಿಗೆ ಮನೆ ಇರುವ ಕಟ್ಟಡಗಳಲ್ಲಿ ನಡುವಿನ ಫ್ಲ್ಯಾಟುಗಳಿಗೆ ಈ ತೊಂದರೆ ಜಾಸ್ತಿ. ಮೂಲೆಯ ಫ್ಲ್ಯಾಟಿಗೆ ಬೆಲೆ ಯಾಕೆ ಹೆಚ್ಚು ಅಂತ ಈಗ ಗೊತ್ತಾಯಿತಲ್ವಾ? ಇನ್ನು, ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದವರ ಗೋಡೆ ಇದ್ದರೆ ಅದು ನಕ್ಷೆಯಲ್ಲಿ ಮಾತ್ರ ಕಿಟಕಿ.

ಬಿಸಿಲಿನ ಲೆಕ್ಕ ಸ್ವಲ್ಪ ಕುತೂಹಲದ್ದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನಿಮ್ಮ ನೆರಳು ನಿಮ್ಮ ಕಾಲಡಿಯಲ್ಲೇ. ಅಂದರೆ ಬೇಸಿಗೆಯಲ್ಲಿ ಜಾಸ್ತಿ ಕಾಯುವುದು ತಾರಸಿ. ಮೇಲಿನ ಅಂತಸ್ತಿನ ಮನೆ ರಾತ್ರಿಯೂ ಬಿಸಿಯಾಗಿರುವುದು ಇದಕ್ಕೇ. ಕಾಂಕ್ರೀಟು ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಕೆಳಗೆ ಬಿಡುತ್ತದೆ. ತಾರಸಿಯ ಮೇಲೆ ಬಿಳಿ ಬಣ್ಣ ಅಥವಾ ಬಿಳಿ ಟೈಲ್ಸ್ ಹಾಕಿದ್ದರೆ ಎಷ್ಟೋ ವಾಸಿ. ಗೋಡೆಗಳಲ್ಲಿ ಪಶ್ಚಿಮದ್ದು ಕಷ್ಟದ ಗೋಡೆ. ಸಂಜೆ ಬಿಸಿಲು ಓರೆಯಾಗಿ ಬೀಳುವುದರಿಂದ ಸಜ್ಜಾ ಅದನ್ನು ತಡೆಯಲಾರದು. ಮಲಗುವ ಕೋಣೆಯ ದೊಡ್ಡ ಕಿಟಕಿ ಪಶ್ಚಿಮಕ್ಕಿದ್ದರೆ ಏಪ್ರಿಲ್‌ನಲ್ಲಿ ಸಂಜೆ 4 ಗಂಟೆಗೆ ಹೋಗಿ ಹತ್ತು ನಿಮಿಷ ನಿಂತು ಬನ್ನಿ.

ಪೂರ್ವದ ಬಾಗಿಲು ಬೇಕು ಅನ್ನುವವರು ವಾಸ್ತು ಅಂತಲೇ ಕೇಳುತ್ತಾರೆ. ಆ ನಂಬಿಕೆ ಅವರವರದ್ದು. ಆದರೆ ಬೆಳಗಿನ ಎಳೆಬಿಸಿಲು ಒಳಗೆ ಬರುವ ಲಾಭ ನಂಬದವರಿಗೂ ಸಿಗುತ್ತದೆ.

ಊರು ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಲ್ಲಿ ಚಪ್ಪಟೆ ತಾರಸಿ ಹಾಕಿಸಿದವರೂ ಆಮೇಲೆ ಅದರ ಮೇಲೆ ಇಳಿಜಾರು ಶೀಟ್ ಹಾಕಿಸುವುದನ್ನು ನೋಡಬಹುದು. ಸೋರದ ಸೂರು, ಬಟ್ಟೆ ಒಣಗಿಸೋಕೆ ಮುಚ್ಚಿದ ಜಾಗ, ಇವೇ ಅಲ್ಲಿ ಮೊದಲು. ಕಲಬುರಗಿಯ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿನ ಹಳೆ ಮನೆಗಳ ದಪ್ಪ ಕಲ್ಲಿನ ಗೋಡೆ, ಕಾಲಿಗೆ ತಣ್ಣಗಿರುವ ಶಹಾಬಾದ್ ಕಲ್ಲಿನ ನೆಲ ಸುಮ್ನೆ ಬಂದದ್ದಲ್ಲ.

## ಅಡುಗೆಮನೆ ಹಿಂದಿನ ಜಾಗ

ನಮ್ಮ ಮನೆಗಳಲ್ಲಿ ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿ ಇಲ್ಲದಿದ್ದರೆ ನಡೆಯುವುದಿಲ್ಲ. ಪಾತ್ರೆ ತೊಳೆಯುವುದು, ವಾಷಿಂಗ್ ಮಷೀನು, ಕಸದ ಡಬ್ಬಿ, ತೆಂಗಿನಕಾಯಿ ಮೂಟೆ ಎಲ್ಲ ಅಲ್ಲೇ. ಎಷ್ಟೋ ನಕ್ಷೆಗಳಲ್ಲಿ ಇದಕ್ಕೆ ಮೂರಡಿ ಅಗಲವೂ ಇರುವುದಿಲ್ಲ. ಮಷೀನ್ ಇಟ್ಟರೆ ನಿಲ್ಲೋಕೆ ಜಾಗವಿಲ್ಲ. ಅಲ್ಲಿ ನಲ್ಲಿ, ನೀರು ಹೋಗುವ ಜಾಲಿ, 16 ಆಂಪಿಯರ್ ಸಾಕೆಟ್ ಮೂರೂ ಇವೆಯಾ ನೋಡಿ. ದೇವರ ಮನೆಯನ್ನು ಬಚ್ಚಲ ಗೋಡೆಗೆ ಅಂಟಿಸಿದ ನಕ್ಷೆಗಳೂ ಬೇಕಾದಷ್ಟಿವೆ. ಆಮೇಲೆ ನೋಡಿ ಬೇಜಾರಾಗುವುದಕ್ಕಿಂತ ನಕ್ಷೆಯಲ್ಲೇ ನೋಡಿಬಿಡಿ.

## ಕರೆಂಟು: ಲೋಡ್ ಎಷ್ಟು, ಬ್ಯಾಕಪ್ ಎಷ್ಟು?

ಪ್ರತಿ ಮನೆಗೂ ವಿದ್ಯುತ್ ಕಂಪನಿ ಇಷ್ಟು ಕಿಲೋವ್ಯಾಟ್ ಅಂತ ಮಂಜೂರು ಮಾಡಿರುತ್ತದೆ. ಒಂದೇ ಹೊತ್ತಿಗೆ ನೀವು ಎಳೆಯಬಹುದಾದ ಕರೆಂಟಿನ ಮಿತಿ ಅದು. ಬಿಲ್ಲಿನ ನಿಗದಿತ ಶುಲ್ಕವೂ ಅದರ ಮೇಲೇ. ಗೀಸರ್ 2 ಕಿಲೋವ್ಯಾಟ್. ಇಂಡಕ್ಷನ್ ಒಲೆಯೂ ಹತ್ತಿರ ಹತ್ತಿರ ಅಷ್ಟೇ. ಎಸಿ ಒಂದೂವರೆ. ಮನೆಯಲ್ಲಿ ಕಾರು ಚಾರ್ಜ್ ಮಾಡುವ ಸಣ್ಣ ಚಾರ್ಜರ್ 3.3, ದೊಡ್ಡದು 7ರ ಮೇಲೆ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಗೀಸರ್ ಹಾಕಿ ಒಲೆ ಹಚ್ಚಿದರೇ ಮಿತಿ ದಾಟುತ್ತದೆ. ಕಾರಿನ ಮಾತು ಬಿಡಿ.

ಎಲೆಕ್ಟ್ರಿಕ್ ಸ್ಕೂಟರ್, ಕಾರು ಇರುವವರು, ಅಥವಾ ಮುಂದೆ ತಗೊಳ್ಳುವ ಯೋಚನೆ ಇರುವವರು ಪಾರ್ಕಿಂಗ್‌ವರೆಗೆ ತಮ್ಮ ಮೀಟರ್‌ನಿಂದ ವೈರ್ ಎಳೆಯೋಕೆ ಅವಕಾಶ ಇದೆಯಾ ಅಂತ ಕೇಳಬೇಕು. ಕಟ್ಟಡ ಕಟ್ಟುವಾಗಲೇ ಕೊಳವೆ ಬಿಟ್ಟಿದ್ದರೆ ಸುಲಭ. ಇಲ್ಲದಿದ್ದರೆ ಅಸೋಸಿಯೇಷನ್ ಮೀಟಿಂಗ್‌ಗಳಲ್ಲಿ ಜಗಳ ಕಾಯಂ.

"100 ಪರ್ಸೆಂಟ್ ಪವರ್ ಬ್ಯಾಕಪ್" ಅನ್ನುವ ಮಾತಿನಲ್ಲೂ ಕಣ್ಣಿಡಿ. ಅದು ಲಿಫ್ಟು, ಪಂಪು, ಕಾರಿಡಾರ್ ದೀಪಕ್ಕೆ ಮಾತ್ರ ಇರಬಹುದು. ಮನೆಯೊಳಗೆ ಬರುವುದು 1 ಕಿಲೋವ್ಯಾಟ್ ಆದರೆ ಫ್ಯಾನು, ದೀಪ, ಫ್ರಿಜ್, ವೈಫೈ ನಡೆಯುತ್ತವೆ. ಗೀಸರ್ ನಡೆಯುವುದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಅಷ್ಟು ಸಾಕು.

ಸ್ವಂತ ತಾರಸಿ ಇದ್ದರೆ ಸೋಲಾರ್ ಈಗ ಲಾಭದ ಮಾತು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಮೇಲಿನ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಇಟ್ಟರು. ಹೌಸಿಂಗ್ ಸೊಸೈಟಿಗಳು ಲಿಫ್ಟು, ಪಂಪಿನಂಥ ಸಾಮಾನ್ಯ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟಿಗೆ 18,000.

## ಅಪ್ಪ ಅಮ್ಮ ಜೊತೆಗಿದ್ದರೆ

ಲಿಫ್ಟ್ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಸ್ಟ್ರೆಚರ್ ಹಿಡಿಯುತ್ತದಾ ಅಂತ ಕೇಳುವವರು ಕಡಿಮೆ. ಐದನೇ ಮಹಡಿಯಿಂದ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಲ್ಲಿ ಇಳಿಸಿದ ಮನೆಯವರಿಗೆ ಇದರ ಬೆಲೆ ಗೊತ್ತು. ಬಾತ್‌ರೂಮಿನ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಚೌಕಟ್ಟು ಕಳೆದರೆ ಇನ್ನೂ ಕಡಿಮೆ. ಗಾಲಿಕುರ್ಚಿ ಸಲೀಸಾಗಿ ಹೋಗೋಕೆ 90 ಸೆಂಟಿಮೀಟರ್, ಅಂದರೆ ಮೂರಡಿ ತೆರವು ಬೇಕು. ಇದನ್ನು ಆಮೇಲೆ ಅಗಲ ಮಾಡಿಸುವುದು ದೊಡ್ಡ ರಗಳೆ. ಒರಟು ಟೈಲ್ಸು, ಕೈ ಹಿಡಿಕೆ, ಹೊಸಿಲಿಲ್ಲದ ಬಾಗಿಲು ಇವನ್ನು ಆಮೇಲೂ ಮಾಡಿಸಬಹುದು.

## ಕಾಗದಗಳಲ್ಲಿ ಏನಿರಬೇಕು?

ಮನೆ ಚೆನ್ನಾಗಿದೆ ಅಂತ ಮುಂಗಡ ಕೊಟ್ಟ ಮೇಲೆ ಜನ ಕಾಗದ ಕೇಳುತ್ತಾರೆ. ಇದು ಮೊದಲೇ ಆಗಬೇಕಾದ ಕೆಲಸ.

ಖಾತಾ ಅಂದರೆ ಆಸ್ತಿ ತೆರಿಗೆ ಕಟ್ಟುವವರು ಯಾರು, ಆಸ್ತಿಯ ಅಳತೆ ಎಷ್ಟು ಅಂತ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ದಾಖಲೆ. ಅದು ಮಾಲೀಕತ್ವದ ಪತ್ರವಲ್ಲ. ಮಾಲೀಕತ್ವ ಹೇಳುವುದು ಕ್ರಯಪತ್ರ. ನಿಯಮದ ಪ್ರಕಾರ ಇರುವ ಆಸ್ತಿಗಳು ಎ ಖಾತಾದಲ್ಲಿ. ಭೂಪರಿವರ್ತನೆ ಆಗದ, ನಕ್ಷೆಗೆ ಮಂಜೂರಾತಿ ಇಲ್ಲದಂಥ ಆಸ್ತಿಗಳಿಂದಲೂ ತೆರಿಗೆ ವಸೂಲಿ ಮಾಡೋಕೆ ಅಂತ ಇಟ್ಟ ಬೇರೆ ಪುಸ್ತಕ ಬಿ ಖಾತಾ. ಬಿ ಖಾತಾ ಆಸ್ತಿಗೆ ಅನೇಕ ಬ್ಯಾಂಕುಗಳು ಸಾಲ ಕೊಡೋಕೆ ಹಿಂದೇಟು ಹಾಕುತ್ತವೆ. 2025ರಲ್ಲಿ ಸರ್ಕಾರ ಬಿಯಿಂದ ಎಗೆ ಬದಲಿಸುವ ಯೋಜನೆ ತಂದಿದೆ. ಹಾಗಂತ "ಮುಂದೆ ಎ ಆಗುತ್ತೆ ಬಿಡಿ" ಅನ್ನುವ ಮಾರುವವರ ಮಾತಿಗೆ ಈಗಲೇ ಎ ಖಾತಾದ ಬೆಲೆ ಕೊಡಬೇಕಾಗಿಲ್ಲ. ಇ-ಖಾತಾ ಇದೇ ದಾಖಲೆಯ ಡಿಜಿಟಲ್ ರೂಪ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು, ನಮೂನೆ 9 ಮತ್ತು 11.

ಓಸಿ ಅಂದರೆ ಕಟ್ಟಡ ಮಂಜೂರಾದ ನಕ್ಷೆಯಂತೆ ಕಟ್ಟಿದೆ, ಜನ ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ. ನಾಲ್ಕು ಅಂತಸ್ತಿಗೆ ಅನುಮತಿ ತಗೊಂಡು ಐದು ಕಟ್ಟಿದರೆ ಸಿಗುವುದು ಕಷ್ಟ. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನು ಈ ಪತ್ರ ನೋಡಿಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಆಮೇಲೆ ಓಸಿ ಇಲ್ಲದ ಹೊಸ ಕಟ್ಟಡದವರು ಕಾಯಂ ಕರೆಂಟಿಗಾಗಿ ಅಲೆಯುವಂತಾಯಿತು. "ಸಿಸಿ ಇದೆ ಸಾರ್" ಅಂದರೆ ಯಾವ ಸಿಸಿ ಅಂತ ಕೇಳಿ. ಕೆಲಸ ಶುರು ಮಾಡೋಕೆ ಕೊಡುವುದನ್ನೂ ಸಿಸಿ ಅನ್ನುತ್ತಾರೆ, ಕೆಲಸ ಮುಗಿದ ಮೇಲೆ ಕೊಡುವುದನ್ನೂ ಸಿಸಿ ಅನ್ನುತ್ತಾರೆ.

ಇಸಿ, ಅಂದರೆ ಋಣಭಾರ ಪತ್ರ. ಆಸ್ತಿ ಯಾರಿಂದ ಯಾರಿಗೆ ಹೋಗಿದೆ, ಅದರ ಮೇಲೆ ನೋಂದಾಯಿತ ಅಡಮಾನ ಇದೆಯಾ ಅಂತ ತೋರಿಸುತ್ತದೆ. ಕಾವೇರಿ ಅನ್ನುವ ಸರ್ಕಾರಿ ಜಾಲತಾಣದಲ್ಲೇ ತೆಗೆಯಬಹುದು. ಇದು ನೀರಿನ ಕಾವೇರಿಯಲ್ಲ, ನೋಂದಣಿ ಇಲಾಖೆಯ ಕಾವೇರಿ!

ರೇರಾ ನೋಂದಣಿ. ಹೊಸ ಪ್ರಾಜೆಕ್ಟು 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿದ್ದು, 8ಕ್ಕಿಂತ ಹೆಚ್ಚು ಮನೆ ಇದ್ದರೆ ರೇರಾ ನೋಂದಣಿ ಬೇಕು. ಕೊಳ್ಳುವವರು ಕೊಟ್ಟ ಹಣದ ಶೇ. 70ನ್ನು ಬಿಲ್ಡರ್ ಬೇರೆ ಖಾತೆಯಲ್ಲಿಟ್ಟು ಆ ಪ್ರಾಜೆಕ್ಟಿನ ಜಾಗ ಮತ್ತು ಕಟ್ಟಡಕ್ಕೇ ಬಳಸಬೇಕು. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಂತ ಖರ್ಚಲ್ಲಿ ಸರಿ ಮಾಡಿಕೊಡಬೇಕು. ಗೋಡೆ ಬಿರುಕು, ಸೋರುವ ಸೀಲಿಂಗ್ ಕಂಡ ದಿನವೇ ಫೋಟೊ ತೆಗೆದು ಲಿಖಿತವಾಗಿ ದೂರು ಕೊಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಸಿಗುವುದಿಲ್ಲ.

## ಮನೆ ಇರುವ ಜಾಗ

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿವೆ. ಮೇಲಿನ ಕೆರೆ ತುಂಬಿದರೆ ರಾಜಕಾಲುವೆಯಲ್ಲಿ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಆ ದಾರಿಯಲ್ಲಿ ಮನೆ ಎದ್ದಿದ್ದರೆ ನೀರು ಮನೆಯೊಳಗೇ ಹೋಗುತ್ತದೆ.

ಕಂದಾಯ ಇಲಾಖೆಯ ದಿಶಾಂಕ್ ಅನ್ನುವ ಆಪ್ ಇದೆ. ಸೈಟಿನ ಮೇಲೆ ನಿಂತು ತೆಗೆದರೆ ಅದು ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಆ ನಂಬರ್ ಹಿಡಿದು ಗ್ರಾಮದ ಹಳೆ ನಕ್ಷೆ ನೋಡಿದರೆ ಹತ್ತಿರ ಕೆರೆ, ಹಳ್ಳ, ಕಾಲುವೆ ಇತ್ತಾ ಅಂತ ತಿಳಿಯುತ್ತದೆ. ಇನ್ನೂ ಸುಲಭದ ದಾರಿ, ಜೋರು ಮಳೆ ಬಂದ ಮರುದಿನ ಬೆಳಗ್ಗೆ ಆ ರಸ್ತೆಗೆ ಹೋಗುವುದು. ಮೂಲೆಯ ಅಂಗಡಿಯವರನ್ನು ಕೇಳಿ, ನೀರು ಎಲ್ಲಿವರೆಗೆ ನಿಲ್ಲುತ್ತದೆ ಅಂತ ಕೈ ಮಾಡಿ ತೋರಿಸುತ್ತಾರೆ. ಅಪಾರ್ಟ್‌ಮೆಂಟಾದರೆ ವಿದ್ಯುತ್ ಪ್ಯಾನೆಲ್, ಜನರೇಟರ್ ನೆಲಮಾಳಿಗೆಯಲ್ಲಿವೆಯಾ ನೋಡಿ. ಅಲ್ಲಿಗೆ ನೀರು ನುಗ್ಗಿದರೆ ಹತ್ತನೇ ಮಹಡಿಯವರಿಗೂ ಕರೆಂಟಿಲ್ಲ, ನೀರಿಲ್ಲ, ಲಿಫ್ಟಿಲ್ಲ. ಅಮೆರಿಕ, ದುಬೈನಲ್ಲಿ ಕೂತು ವಿಡಿಯೊ ಕಾಲ್‌ನಲ್ಲಿ ಮನೆ ನೋಡುವವರು ನೆಲಮಾಳಿಗೆಗೂ ಫೋನ್ ಹಿಡಿದುಕೊಂಡು ಹೋಗೋಕೆ ಹೇಳಬೇಕು. ಅಲ್ಲಿ ಗೋಡೆಯ ಮೇಲೆ ನೀರು ನಿಂತ ಗೆರೆ ಇದ್ದರೆ ಬಣ್ಣ ಬಳಿದರೂ ಹಲವು ಸಲ ಕಾಣುತ್ತದೆ.

## ತಿಂಗಳ ಖರ್ಚು

ಈಜುಕೊಳ ಬೇಡವೇ ಬೇಡ ಅಂತಲ್ಲ. ಮಕ್ಕಳಿರುವ ಮನೆಗೆ ಖುಷಿಯೇ. ಆದರೆ ಅದರ ನೀರು, ಕ್ಲೋರಿನ್, ಕಾವಲಿನವರ ಸಂಬಳ ನೀವು ಇಳಿಯದಿದ್ದರೂ ನಿಮ್ಮ ಲೆಕ್ಕಕ್ಕೆ. ಮೇಂಟೆನೆನ್ಸ್ ಅನ್ನು ಅನೇಕ ಕಡೆ ಸೂಪರ್ ಬಿಲ್ಟ್-ಅಪ್ ಚದರ ಅಡಿ ಮೇಲೆ ಹಾಕುತ್ತಾರೆ. ಚದರ ಅಡಿಗೆ 4 ರೂಪಾಯಿ ಅಂದರೆ 1,500 ಚದರ ಅಡಿಗೆ ತಿಂಗಳಿಗೆ 6,000. ವರ್ಷಕ್ಕೆ 72,000. ಸಾಲದ ಕಂತಿನ ಜೊತೆಗೆ ಇದನ್ನೂ ಕೂಡಿಸಿ ನೋಡಬೇಕು.

ಜನ ವಾಸ ಇರುವ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವುದಾದರೆ ಅಸೋಸಿಯೇಷನ್‌ನ ಹಿಂದಿನ ಒಂದು ವರ್ಷದ ಲೆಕ್ಕಪತ್ರ ಕೇಳಿ. ಟ್ಯಾಂಕರ್‌ಗೆ ಎಷ್ಟು, ಜನರೇಟರ್ ಡೀಸೆಲ್‌ಗೆ ಎಷ್ಟು, ಎಸ್‌ಟಿಪಿ ನೋಡಿಕೊಳ್ಳುವವರಿಗೆ ಎಷ್ಟು, ಲಿಫ್ಟ್ ರಿಪೇರಿಗೆ ಎಷ್ಟು ಅಂತ ತಿಂಗಳುವಾರು ಇರುತ್ತದೆ. ಮಾರುವವರ ಹತ್ತಿರ ಇಲ್ಲದಿದ್ದರೆ ಅಸೋಸಿಯೇಷನ್ ಕಾರ್ಯದರ್ಶಿಯ ಹತ್ತಿರ ಇದ್ದೇ ಇರುತ್ತದೆ. ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳನ್ನು ಮೊದಲು ನೋಡಿ.